ಬೆನ್ನು ತಿರುಗಿಸಿದ ಶಾಟ್

ಹಳೆಯ ವಾಲ್ವ್ ರೇಡಿಯೊ ಬಿಸಿಯಾದಾಗ ಒಳಗಿನ ದೂಳು ಸುಟ್ಟು ಒಂದು ವಾಸನೆ ಬರುತ್ತಿತ್ತು. ಚಿಕ್ಕವಳಿದ್ದಾಗ ಆ ವಾಸನೆ ಬಂದರೆ ಸಾಕು, ಇನ್ನೇನು ಯಾರೋ ಮಾತಾಡುತ್ತಾರೆ, ಮನೆಯ ಗಂಡಸರೆಲ್ಲ ಸುಮ್ಮನಾಗುತ್ತಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಡಬ್ಬಿಂಗ್ ಕೋಣೆಯಲ್ಲಿ ಬೆಳಿಗ್ಗೆ ಯಂತ್ರಗಳನ್ನು ಹಾಕಿದಾಗಲೂ ಅದೇ ವಾಸನೆ.

ನಾನು ಅಲ್ಲಿ ಒಂದು ಧಾರಾವಾಹಿಯ ಸೊಸೆಗೆ ಧ್ವನಿ ಕೊಡುತ್ತಿದ್ದೆ. ಮುಖಕ್ಕೆ ಅರವತ್ತೆಂಟು, ಗಂಟಲಿಗೆ ಇಪ್ಪತ್ತೆರಡು ಎಂದು ಸೌಂಡ್ ಎಂಜಿನಿಯರ್ ತಮಾಷೆ ಮಾಡುತ್ತಿದ್ದ. ಒಳ್ಳೆಯ ಮನುಷ್ಯ. ನಾನು ಅಳುವ ದೃಶ್ಯವಿದ್ದ ದಿನ ಕೇಳದೆಯೇ ಫ್ಲಾಸ್ಕಿನಲ್ಲಿ ಬಿಸಿನೀರು ತಂದಿಡುತ್ತಿದ್ದ. ಅಂದರೆ ಹೆಚ್ಚುಕಡಿಮೆ ದಿನವೂ. ನಾಲ್ಕು ವರ್ಷದಲ್ಲಿ ಆ ಸೊಸೆ ಅತ್ತೆಯ ಕಾಲು ಹಿಡಿದಿದ್ದಳು, ಗಂಡನ ಕಾಲು ಹಿಡಿದಿದ್ದಳು, ಗಂಡ ಇಟ್ಟುಕೊಂಡವಳ ಕಾಲನ್ನೂ ಹಿಡಿದಿದ್ದಳು. ಕಣ್ಣೀರು ಅವಳದು, ಬಿಕ್ಕಳಿಕೆ ನನ್ನದು.

ನಿರ್ದೇಶಕರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಪ್ರಸಾರಕ್ಕೆ ಎರಡು ಗಂಟೆ ಇರುವಾಗ ಕಂತು ಸಿದ್ಧವಾಗುತ್ತಿದ್ದುದರಿಂದ ಅವರು ನಾಯಕನ ಮಾತುಗಳನ್ನಷ್ಟೇ ಕೇಳಿ ಚಾನೆಲ್‌ಗೆ ಕಳಿಸಿಬಿಡುತ್ತಿದ್ದರು. ಸೊಸೆಯ ಮಾತು? "ಅದರಲ್ಲಿ ಕೇಳೋಕೇನಿದೆ, ಅಳ್ತಾಳೆ ಅಷ್ಟೇ," ಎಂದು ನನ್ನೆದುರಿಗೇ ಹೇಳಿದ್ದರು.

ಒಂದು ಮಂಗಳವಾರ, ಕತ್ತರಿಸಿ ಜೋಡಿಸಿದ ದೃಶ್ಯದ ಬದಲು ಚಿತ್ರೀಕರಿಸಿದ್ದೆಲ್ಲವೂ ಕೈತಪ್ಪಿನಿಂದ ನಮ್ಮ ಕೋಣೆಗೆ ಬಂತು. ಗಂಡ ಹೆಂಡತಿಯ ಕೆನ್ನೆಗೆ ಹೊಡೆಯುವ ದೃಶ್ಯ. ಹೊಡೆದಂತೆ ನಟಿಸುತ್ತಾರೆ, ಏಟಿನ ಸದ್ದನ್ನು ನಾವು ಆಮೇಲೆ ಸೇರಿಸುತ್ತೇವೆ. ಆದರೆ ಅಂದು ಶೂಟಿಂಗ್ ಜಾಗದ ಕಚ್ಚಾ ಧ್ವನಿಯಲ್ಲೇ ಏಟು ಕೇಳಿಸಿತು. ಬೆನ್ನಿಗೇ ಸಾಹೇಬರ ದನಿ: "ಇನ್ನೊಂದು ಬಾರಿಸು. ನಿಜವಾದ ಕಣ್ಣೀರು ಬರ್ಲಿ. ಹೆಂಗಸರು ನೋಡೋದೇ ಅದಕ್ಕೆ." ಹನ್ನೆರಡು ಸಲ. ಆರನೆಯದರ ಹೊತ್ತಿಗೆ ಸೊಸೆಯ ಪಾತ್ರದ ಹುಡುಗಿಯ ಕೆನ್ನೆ ಊದಿತ್ತು. ಒಂಬತ್ತನೆಯದಕ್ಕೆ ಗಂಡನ ಪಾತ್ರದ ನಾಯಕನೇ ಕೈ ಇಳಿಸಿ ಸಾಕು ಸಾರ್ ಎಂದ. ಸಾಹೇಬರು ನಕ್ಕರು.

ಎಂಜಿನಿಯರ್ ಚಿತ್ರ ನಿಲ್ಲಿಸಿದ. ನನ್ನ ಮುಖ ನೋಡದೆ ಬಿಸಿನೀರು ಬಗ್ಗಿಸಿಕೊಟ್ಟ. ಸಿಟ್ಟು ಬಂದರೆ ಕೂಗಾಡುವುದು ನನಗೆ ಗೊತ್ತಿಲ್ಲ. ದನಿ ಮೆತ್ತಗಾಗುತ್ತದೆ. ಈ ಮನುಷ್ಯನನ್ನು ಸುಮ್ಮನೆ ಬಿಡಬಾರದು ಎಂದು ಬಹಳ ಮೆತ್ತಗೆ ಹೇಳಿದೆ.

ಹುಡುಗಿಯನ್ನು ಮನೆಗೆ ಕರೆಸಿದೆ. ಬಾಗಿಲಲ್ಲಿ ಮಗುಚಿಕೊಂಡಿದ್ದ ಕಾಲೊರಸನ್ನು ನೇರ ಮಾಡಿ ಒಳಗೆ ಬಂದಳು. ದೂರು ಕೊಡೋಣವೆಂದೆ. ಶೂಟಿಂಗ್ ವಿಷಯ ಹೊರಗೆ ಬಾಯಿ ಬಿಟ್ಟರೆ ಕೆಲಸದಿಂದ ತೆಗೆಯುತ್ತೇವೆಂದು ಚಾನೆಲ್‌ನವರು ಸಹಿ ಹಾಕಿಸಿಕೊಂಡಿದ್ದರಂತೆ. ಅಮ್ಮನ ಔಷಧಿ, ತಮ್ಮನ ಓದು ಎಲ್ಲವೂ ಇವಳ ತಲೆಯ ಮೇಲೆ. ಶನಿವಾರದ ಕಂತಿನಲ್ಲಿ ತಾನೇ ಕ್ಷಮೆ ಕೇಳುವ ದೃಶ್ಯವಿದೆ, ಕ್ಯಾಮೆರಾ ತನ್ನ ಬೆನ್ನ ಹಿಂದಿನಿಂದ ಗಂಡನ ಮುಖವನ್ನಷ್ಟೇ ನೋಡುತ್ತದೆ ಎಂದಳು.

"ಹಾಗಾದ್ರೆ ನಿನ್ನ ತುಟಿ ಕಾಣಲ್ಲ," ಎಂದೆ.

ಅವಳು ತಟ್ಟನೆ ನನ್ನತ್ತ ತಿರುಗಿದಳು. "ನಾನು ಬಾಯಿ ಬಿಡೋ ಹಾಗಿಲ್ಲ ಅಜ್ಜಿ. ನೀವು ಬಿಡಬಹುದು." ಆಮೇಲೆ ಹೇಳಿದಳು, "ಹನ್ನೆರಡು ಅಂತಾನೇ ಹೇಳಿ. ಕಡಿಮೆ ಮಾಡ್ಬೇಡಿ."

ಶನಿವಾರ ನನ್ನ ಕೈಗೆ ಬಂದ ಹಾಳೆಯಲ್ಲಿ, ತಪ್ಪು ನನ್ನದೇ, ಕ್ಷಮಿಸಿ ಎಂದಿತ್ತು. ಅವಳ ಬೆನ್ನಿನ ಏರಿಳಿತಕ್ಕೆ ನನ್ನ ಉಸಿರು ಹೊಂದಿಸಿಕೊಂಡು ಹೇಳಿದೆ: "ಮೊನ್ನೆ ನೀವು ನೋಡಿದ ಏಟು ನಟನೆಯಲ್ಲ. ನಿರ್ದೇಶಕರು ನನಗೆ ನಿಜವಾಗಿ ಹನ್ನೆರಡು ಸಲ ಹೊಡೆಸಿದ್ರು. ಅವರ ಬಾಯಲ್ಲೇ ಕೇಳಿ." ನಂತರದ ಮೌನದಲ್ಲಿ ಎಂಜಿನಿಯರ್ ಸಾಹೇಬರ ಆ ಕಚ್ಚಾ ದನಿಯನ್ನು ಕೂರಿಸಿದ. ಫ್ಯಾನಿನ ಗೊರಗೊರ ತೆಗೆದು, ಒಂದೊಂದು ಅಕ್ಷರವೂ ಕೇಳುವಂತೆ ಉಜ್ಜಿ ತೊಳೆದಿಟ್ಟಿದ್ದ. ಸಾಹೇಬರು ಬಂದರು, ನಾಯಕನ ಮಾತು ಕೇಳಿದರು, ಕಳಿಸಿ ಎಂದು ಹೋದರು.

ಕಂತು ಮುಗಿಯುವಷ್ಟರಲ್ಲಿ ಚಾನೆಲ್‌ನ ಫೋನುಗಳು ಒಂದೇ ಸಮನೆ ಬಡಿದುಕೊಂಡವಂತೆ. ಸೋಮವಾರ ಬೆಳಿಗ್ಗೆ ಸಾಹೇಬರು ನಮ್ಮ ಕೋಣೆಗೆ ನುಗ್ಗಿ ಬಾಯಿಗೆ ಬಂದಂತೆ ಬೈದರು. ನಾನು ಕುರ್ಚಿ ತೋರಿಸಿದೆ. ಕೂರಲಿಲ್ಲ.

"ನೀವೇ ಹೇಳಿದ್ರಲ್ಲಪ್ಪಾ, ಅವಳದ್ದು ಕೇಳೋಕೇನಿದೆ ಅಂತ."

ಮಧ್ಯಾಹ್ನದೊಳಗೆ ಚಾನೆಲ್ ಅವರನ್ನು ಕಿತ್ತು ಹಾಕಿತು. ಕಿಟಕಿಯಿಂದ ನೋಡಿದೆ. ದಿನವೂ ಓಡಿ ಬಂದು ಕಾರಿನ ಬಾಗಿಲು ತೆಗೆಯುತ್ತಿದ್ದ ಚಾಲಕ ಒಳಗೇ ಕುಳಿತಿದ್ದ. ಸಾಹೇಬರು ತಾವೇ ತೆಗೆದುಕೊಂಡು ಹತ್ತಿದರು. ಪಾಪ ಎನಿಸುತ್ತದೇನೋ ಎಂದು ಕಾದೆ. ಎನಿಸಲಿಲ್ಲ. ಇನ್ನೊಮ್ಮೆ ನೋಡಬೇಕೆನಿಸಿತು.

ಎಲ್ಲ ನನ್ನದೇ ಕೆಲಸ, ಎಂಜಿನಿಯರ್ ನಾನು ಹೇಳಿದಂತೆ ಮಾಡಿದವನಷ್ಟೇ ಎಂದು ಬರೆದುಕೊಟ್ಟೆ. ಅವನನ್ನು ಉಳಿಸಿ ನನ್ನನ್ನು ತೆಗೆದರು. ಚೀಲ ತುಂಬುತ್ತಿದ್ದಾಗ ಹುಡುಗಿ ಬಂದಳು. ಏಟಿನ ವಿಷಯ ನಿಜವೇ ಎಂದು ಚಾನೆಲ್‌ನವರೇ ಕೇಳಿದ್ದರಿಂದ ಅವಳು ಬಾಯಿ ಬಿಡಬಹುದಾಯಿತಂತೆ. ಊರೆಲ್ಲ ಅವಳ ಪರವಾಗಿರುವಾಗ ಅವಳನ್ನು ತೆಗೆಯುವ ಧೈರ್ಯ ಯಾರಿಗಿದೆ?

"ಇನ್ಮೇಲೆ ಯಾರೂ ನನ್ನ ಮೈಮುಟ್ಟಿ ಹೊಡೆಯೋ ಹಾಗಿಲ್ಲ, ನನ್ನ ದನಿ ನಾನೇ ಕೊಡ್ತೀನಿ ಅಂತ ಬರೆಸ್ಕೊಂಡೆ," ಎಂದಳು. ನೆಲ ನೋಡುತ್ತ ಸೇರಿಸಿದಳು, "ನಿಮ್ಮ ಕೆಲಸ ಕಿತ್ಕೊಂಡ ಹಾಗಾಯ್ತು."

ನನ್ನನ್ನು ಮೊದಲೇ ತೆಗೆದಾಗಿದೆ, ನೀನೇನೂ ಕಿತ್ತುಕೊಂಡಿಲ್ಲ ಎಂದೆ. ಮೈಕನ್ನು ಅವಳ ಎತ್ತರಕ್ಕೆ ಇಳಿಸಿ, ಅಳುವಾಗ ಇಷ್ಟು ದೂರ ನಿಲ್ಲಬೇಕು, ಗದರುವಾಗ ಇಷ್ಟು ಎಂದು ತೋರಿಸಿದೆ. ನಾಲ್ಕು ವರ್ಷದಲ್ಲಿ ಒಂದೂ ಗದರುವ ಮಾತು ಬರಲಿಲ್ಲವಲ್ಲ ಎಂದು ಎಂಜಿನಿಯರ್ ಗೊಣಗಿದ. ಬರೆಸೋಣ ಎಂದಳು ಹುಡುಗಿ.

ಆಮೇಲೆ ತನ್ನ ಚೀಲದಿಂದ ಊಟದ ಡಬ್ಬಿ ತೆಗೆದು, ನನ್ನ ಎರಡೂ ಕೈಯಲ್ಲಿಟ್ಟು, ಮೈಕಿನ ಮುಂದೆ ಹೋಗಿ ನಿಂತಳು.