ಕುದ್ರಿನ ದೋಣಿಗೆ ಎಷ್ಟು ಎಚ್.ಪಿ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊಳೆಯ ಕಡೆಯಿಂದ ಟಣ್ ಎಂದು ಸಣ್ಣ ಸದ್ದೊಂದು ಬಂತು. ಕಾಂತಿ ಇನ್ನೊಂದು ಸದ್ದಿಗೆ ಕಾದಳು. ಅದೂ ಬಂತು. ಹೊಸ ದೋಣಿಯ ತಳ ದಡದ ಕಲ್ಲಿಗೆ ತಾಗುತ್ತಿತ್ತು. ಹಳೆಯ ಮರದ ದೋಣಿಯಾದರೆ ಎಷ್ಟು ತಾಗಿದರೂ ಸುಮ್ಮನಿರುತ್ತಿತ್ತು, ಅಲ್ಯೂಮಿನಿಯಂ ಹಾಗಲ್ಲ. ಸಂಜೆ ಈ ದೋಣಿ ಒಣ ಮರಳಿನ ಮೇಲಿತ್ತು. ಈಗ ಅದು ಅಲ್ಲಾಡುತ್ತಿದೆಯೆಂದರೆ ನೇತ್ರಾವತಿ ಏರಿದೆ, ಮೇಲೆ ಬೆಳ್ತಂಗಡಿ ಕಡೆ ಮಳೆ ಸುರುವಾಗಿದೆ.

ಪಕ್ಕದಲ್ಲಿ ಮಗಳು ಪ್ರಾಪ್ತಿ ಕೈಕಾಲು ಚೆಲ್ಲಿ ಮಲಗಿದ್ದಳು. ಕಳೆದ ಎರಡು ಮಳೆಗಾಲ ಆ ಜಾಗ ಖಾಲಿಯಾಗಿತ್ತು.

ಅವರ ಮನೆ ಇರುವುದು ಫರಂಗಿಪೇಟೆಯಿಂದ ಸ್ವಲ್ಪ ಮೇಲಕ್ಕೆ, ಹೊಳೆಯ ನಡುವಿನ ಒಂದು ಕುದ್ರಿನಲ್ಲಿ. ಸುತ್ತ ನೀರು, ನಡುವೆ ಆರು ಮನೆ, ಒಂದಿಷ್ಟು ತರಕಾರಿ ಗದ್ದೆ. ಬೇಸಗೆಯಲ್ಲಿ ಹುಟ್ಟು ಹಾಕಿಕೊಂಡು ದಾಟಬಹುದು. ಮಳೆಗಾಲದ ಸೆಳೆತಕ್ಕೆ ಹುಟ್ಟು ಸಾಲದು. ಶಾಲೆಯ ಮಕ್ಕಳನ್ನು ನೆಂಟರ ಮನೆಗಳಿಗೆ ಹಂಚಿಬಿಡಬೇಕು. ಪ್ರಾಪ್ತಿಯ ಪಾಲಿಗೆ ಬಂದದ್ದು ಗುರುವಾಯನಕೆರೆಯ ದೊಡ್ಡಮ್ಮನ ಮನೆ. ಅಲ್ಲಿ ಅವಳಿಗೆ ಏನೂ ಕಡಿಮೆಯಿರಲಿಲ್ಲ. ಆದರೂ ಈ ಸಲ ಬ್ಯಾಗು ತುಂಬುವ ಮಾತೆತ್ತಿದಾಗ ಹುಡುಗಿ ಮೆಲ್ಲಗೆ ಹೇಳಿದ್ದಳು: “ಅಲ್ಲಿ ನಾನು ನೆಂಟಳು ಅಮ್ಮ. ನೆಂಟರು ಎಷ್ಟು ದಿನ ಇರುವುದು?”

ಆ ಮಾತಿನ ನಂತರವೇ ಕಾಂತಿ ಆರೂ ಮನೆಗೆ ತಿರುಗಿ ಎಲ್ಲರನ್ನೂ ಒಪ್ಪಿಸಿದ್ದು. ಮೂಡುಬಿದಿರೆಯಲ್ಲಿ ಒಬ್ಬರು ತಮ್ಮ ಕೆರೆಯಲ್ಲಿ ಮೀನು ಹಿಡಿಯಲು ಇಟ್ಟುಕೊಂಡಿದ್ದ ಅಲ್ಯೂಮಿನಿಯಂ ದೋಣಿಯನ್ನು ಮಾರುವವರಿದ್ದರು. ಅದು ಪಿಕಪ್ಪಿನಲ್ಲಿ ಮಗುಚಿಕೊಂಡು ಬಂತು. ಇನ್ನು ಇಂಜಿನ್ ಬೇಕು. ಜೂನ್ ಮೊದಲ ವಾರ ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ. ನಡೆಸುವವರೂ ಸೇರಿ ಐದು ಜನ ಕುಳಿತು, ಸೆಳೆತಕ್ಕೆ ಎದುರು ದಡದ ಮೆಟ್ಟಿಲಿಗಿಂತ ಕೆಳಕ್ಕೆ ಜಾರದೆ ದಾಟಿದರೆ ಮಳೆಗಾಲದಲ್ಲಿ ದೋಣಿ ಬಿಡಲು ಅನುಮತಿ. ಇಲ್ಲದಿದ್ದರೆ ಪ್ರಾಪ್ತಿಗೆ ಮತ್ತೆ ಗುರುವಾಯನಕೆರೆ.

ಇಂಜಿನ್ ಆರಿಸುವ ಕೆಲಸವನ್ನು ಎಲ್ಲರೂ ಸೇರಿ ಕಾಂತಿಯ ಮಾವ ಶೀನಪ್ಪನವರಿಗೆ ಬಿಟ್ಟರು. ಅದರಲ್ಲಿ ಆಶ್ಚರ್ಯವೇನಿಲ್ಲ. ಎಚ್.ಪಿ. ಎಂಬ ಮಾತು ಬಂದರೆ ಆ ಕಡೆ ಎಲ್ಲರೂ ನೋಡುವುದು ಅವರ ಮುಖವನ್ನೇ. ಯಾರ ಬಾವಿಗೆ ಯಾವ ಪಂಪು, ಎಷ್ಟು ದೂರಕ್ಕೆ ಎಷ್ಟು ಇಂಚಿನ ಪೈಪು ಎಂದು ಕೇಳಲು ವಿಟ್ಲದಿಂದಲೂ ಜನ ಬರುತ್ತಿದ್ದರು. ಅವರದೊಂದು ಕಾನೂನಿತ್ತು: ಲೆಕ್ಕದಲ್ಲಿ ಮೂರು ಬಂದರೆ ಐದು ಹಾಕು, ಐದು ಬಂದರೆ ಏಳೂವರೆ. ಸಂಜೆಯಾದರೆ ವೋಲ್ಟೇಜ್ ಬೀಳುತ್ತದೆ, ಬೇಸಗೆಯಲ್ಲಿ ನೀರು ಕೆಳಗಿಳಿಯುತ್ತದೆ; ಒಂದು ಸೈಜು ಹೆಚ್ಚು ಹಾಕಿದವನು ಯಾವತ್ತೂ ಕೆಟ್ಟದ್ದಿಲ್ಲ.

ದೋಣಿಗೂ ಅವರು ಹಾಗೆಯೇ ಲೆಕ್ಕ ಹಾಕಿದರು. ಹತ್ತು ಬೇಕಾದೀತು, ಆದ್ದರಿಂದ ಹದಿನೈದು.

ದೋಣಿಯ ಹಿಂಬದಿಯಲ್ಲಿ ರಿವೆಟ್ ಹೊಡೆದ ಒಂದು ಸಣ್ಣ ತಗಡು ಇತ್ತು. ಪಾಚಿ ಉಜ್ಜಿ ಓದಿದವಳು ಕಾಂತಿ. ಐದು ಜನ, ಹತ್ತು ಎಚ್.ಪಿ.ಗಿಂತ ಹೆಚ್ಚಿಲ್ಲ ಎಂದು ಅದರಲ್ಲಿ ಬರೆದಿತ್ತು. ಬಿ.ಎಸ್ಸಿ. ಓದುವಾಗಿನಿಂದ ಅವಳಿಗೆ ಒಂದು ಅಭ್ಯಾಸ. ಯಾವುದರ ಮೇಲೆ ಏನು ಬರೆದಿದ್ದರೂ ಕೊನೆಯ ಸಾಲಿನವರೆಗೆ ಓದುವುದು. ಅವಳಿಗೆ ನೀರಿನ ಭಯವೂ ಇತ್ತು. ಮದುವೆಯಾಗಿ ಕುದ್ರಿಗೆ ಬಂದು ಇಷ್ಟು ವರ್ಷವಾದರೂ ದೋಣಿಯ ಅಂಚನ್ನು ಹಿಡಿದ ಕೈಯನ್ನು ದಡ ಮುಟ್ಟುವವರೆಗೆ ಬಿಟ್ಟವಳಲ್ಲ.

ತಗಡಿನ ಮಾತು ಹೇಳಿದಾಗ ಶೀನಪ್ಪ ನಕ್ಕರು. “ಪಂಪಿನ ಮೇಲೂ ಬರೆದಿರ್ತದೆ. ಅದನ್ನು ನೋಡಿಕೊಂಡು ಕೂತಿದ್ದರೆ ಈ ಕುದ್ರಿನಲ್ಲಿ ಒಂದು ಬೆಂಡೆ ಗಿಡ ಆಗ್ತಿರಲಿಲ್ಲ.”

ಬಿ.ಸಿ.ರೋಡಿನ ಹೋಟೆಲಿನಲ್ಲಿ ಕೆಲಸ ಮಾಡುವ ಗಂಡ ರೋಹಿತನಿಗೆ ಫೋನು ಮಾಡಿದರೆ, ಅಪ್ಪನ ಹತ್ತಿರ ಪಂಪಿನ ವಿಷಯ ಮಾತಾಡಲು ತನಗೇ ಧೈರ್ಯವಿಲ್ಲ ಎಂದು ಅವನು ಕೈಚೆಲ್ಲಿದ. ಇದು ಪಂಪಲ್ಲ ಎಂದು ಕಾಂತಿ ಹೇಳುವಷ್ಟರಲ್ಲಿ ಯಾರೋ ಬಿಲ್ ಕೊಡಲು ಬಂದರೆಂದು ಅವನು ಫೋನಿಟ್ಟ.

ಮಂಗಳೂರಿನ ಬಂದರಿನಲ್ಲಿ ಹಳೆಯ ಇಂಜಿನ್ ರಿಪೇರಿ ಮಾಡಿ ಮಾರುವ ಅಝೀಮ್ ಹದಿನೈದನ್ನು ನೋಡುವುದಕ್ಕೆಂದು ತಂದುಕೊಟ್ಟ. ಇಂಜಿನ್ನಿನ ಕಾಲು, ಅಂದರೆ ನೀರಿಗಿಳಿಯುವ ಭಾಗ, ಗಿಡ್ಡದ್ದು ಬೇಕೋ ಉದ್ದದ್ದು ಬೇಕೋ ಎಂದು ಅವನು ಫೋನಿನಲ್ಲಿ ಕೇಳಿದಾಗ ಶೀನಪ್ಪನವರಿಗೆ ಉತ್ತರ ಹೊಳೆದಿರಲಿಲ್ಲ. ಕಾಂತಿ ಹೊಲಿಗೆಯ ಟೇಪು ಹಿಡಿದು ದೋಣಿಯ ಹಿಂದಿನ ಹಲಗೆಯ ಎತ್ತರ ಅಳೆದು, ಗಿಡ್ಡ ಕಾಲಿನದೇ ಸಾಕು ಎಂದಿದ್ದಳು. ಅದನ್ನು ಸಿಕ್ಕಿಸುವಾಗ ಅಝೀಮ್ ದೋಣಿಯನ್ನೊಮ್ಮೆ ಇಂಜಿನ್ನನ್ನೊಮ್ಮೆ ನೋಡಿದ. “ಶೀನಪ್ಪಣ್ಣ, ಮೆಲ್ಲ ಬಿಡಿ ಆಯ್ತಾ. ಇದು ಸ್ವಲ್ಪ ಜೋರು” ಎಂದಷ್ಟೇ ಹೇಳಿ ಹೋದ.

ಮರುದಿನ ಬೆಳಿಗ್ಗೆ, ಕುದ್ರಿನ ಉಳಿದವರು ಏಳುವ ಮೊದಲೇ, ಒಮ್ಮೆ ತಾನೇ ನೋಡಿಬಿಡುತ್ತೇನೆ ಎಂದು ಶೀನಪ್ಪ ಹೊರಟರು. ಒಬ್ಬರನ್ನೇ ಬಿಡಲು ಕಾಂತಿಗೆ ಮನಸ್ಸಾಗಲಿಲ್ಲ. ಎರಡು ಲೈಫ್ ಜಾಕೆಟ್ ಹಿಡಿದುಕೊಂಡು ಹಿಂದೆಯೇ ಹೋದಳು. ಅವರು ಗೊಣಗುತ್ತ ಹಾಕಿಕೊಂಡರು.

ಇಂಜಿನ್ನಿನ ಪಕ್ಕ ಶೀನಪ್ಪ ಕುಳಿತ ಕೂಡಲೇ ದೋಣಿಯ ಹಿಂಬದಿ ತಗ್ಗಿತು. ನಡುವಿನ ಹಲಗೆಯ ಮೇಲೆ ಕುಳಿತ ಕಾಂತಿ ಹಿಂದಿನ ಅಂಚಿಗೂ ನೀರಿಗೂ ಎಷ್ಟು ಅಂತರ ಉಳಿದಿದೆ ಎಂದು ನೋಡಿದಳು. ಒಂದು ಗೇಣೂ ಇರಲಿಲ್ಲ. ಹೇಳಬೇಕೆಂದು ಬಾಯಿ ತೆರೆಯುವಾಗ ಇಂಜಿನ್ ಗುಡುಗಿತು.

ಸ್ವಲ್ಪ ದೂರ ಎಲ್ಲ ಸರಿಯಾಗಿತ್ತು. ಹೊಳೆಯ ನಡುವೆ ಸೆಳೆತ ಸಿಕ್ಕಿದಾಗ ಮಾವ ಇಂಜಿನ್ನಿನ ಹಿಡಿಯನ್ನು ವೇಗಕ್ಕೆ ಪೂರ್ತಿ ತಿರುಗಿಸಿದರು. ದೋಣಿಯ ಮೂತಿ ನೀರು ಬಿಟ್ಟು ಮೇಲೆದ್ದಿತು. ಎದುರಿನ ದಡ ಮರೆಯಾಗಿ ಆಕಾಶ ಮಾತ್ರ ಕಂಡಿತು. ಅವರಿಗೆ ಗಾಬರಿಯಾಗಿರಬೇಕು, ಒಮ್ಮೆಲೇ ಇಂಜಿನ್ನಿನ ವೇಗ ಇಳಿಸಿಬಿಟ್ಟರು. ದೋಣಿ ಗಕ್ಕನೆ ನಿಂತಿತು. ಆದರೆ ಅದು ಎಬ್ಬಿಸಿದ್ದ ಅಲೆ ನಿಲ್ಲಲಿಲ್ಲ. ಹಿಂದಿನಿಂದ ಬಂದು ಅಂಚು ಹತ್ತಿ ಒಳಗೆ ಸುರಿಯಿತು.

ಶೀನಪ್ಪ ಎದ್ದು ನಿಂತರು. ದೋಣಿ ಒಂದು ಬದಿಗೆ ವಾಲಿತು.

“ಕುಲ್ಲು!”

ಯಾರು ಕೂಗಿದ್ದೆಂದು ಒಂದು ಕ್ಷಣ ಕಾಂತಿಗೇ ತಿಳಿಯಲಿಲ್ಲ. ತುಳುವಿನಲ್ಲಿ ಹಿರಿಯರಿಗೆ ಕುಳಿತುಕೊಳ್ಳಿ ಎನ್ನಬೇಕಾದರೆ ‘ಕುಲ್ಲುಲೆ’ ಎನ್ನಬೇಕು. ಆ ‘ಲೆ’ ಸೇರಿಸುವಷ್ಟು ಪುರುಸೊತ್ತು ಇರಲಿಲ್ಲ. ಅಂಗಳದ ನಾಯಿಗೆ ಹೇಳುವ ಹಾಗೆ ಹೇಳಿದ್ದಳು. ಶೀನಪ್ಪ ತಟ್ಟನೆ ಕುಳಿತರು. ಮುಂದಕ್ಕೆ ಬಾ ಎಂದಳು. ಮೊಣಕಾಲೂರಿ ತೆವಳುತ್ತ ನಡುವಿಗೆ ಬಂದರು. ಅವಳು ಇನ್ನೂ ಮುಂದೆ, ಮೂತಿಯ ಹತ್ತಿರ ಸರಿದಳು. ಹಿಂಬದಿ ನಿಧಾನವಾಗಿ ನೀರಿನಿಂದ ಮೇಲೆದ್ದಿತು. ಅವರು ಬಕೆಟಿನಲ್ಲಿ ನೀರು ಎತ್ತಿ ಚೆಲ್ಲಿದರು, ಅವಳು ಹುಟ್ಟು ಹಾಕಿದಳು. ದೋಣಿ ಕುದ್ರಿನ ಕೆಳತುದಿಯ ಮರಳಿಗೆ ತಾಗಿ ನಿಂತಿತು.

ಇಬ್ಬರೂ ಒದ್ದೆ ಮರಳಿನ ಮೇಲೆ ಕುಳಿತರು. ಸುತ್ತ ಯಾರೂ ಇರಲಿಲ್ಲ. ಕಾಂತಿ ಲೈಫ್ ಜಾಕೆಟ್ ಬಿಚ್ಚಿದಳು. ತಾನು ಕೂಗಿದ ರೀತಿಗೆ ಏನು ಹೇಳುವುದೆಂದು ಅವಳು ಮಾತು ಹುಡುಕುತ್ತಿದ್ದಳು. ಶೀನಪ್ಪ ಅದರ ಸುದ್ದಿಯೇ ಎತ್ತಲಿಲ್ಲ. ಇಂಜಿನ್ನನ್ನೇ ನೋಡುತ್ತ, ಎಲ್ಲಿ ತಪ್ಪಿತು ಎಂದು ಕೇಳಿದರು. ಪರೀಕ್ಷೆ ಮಾಡುವ ದನಿಯಲ್ಲ, ನಿಜವಾಗಿಯೂ ಕೇಳಿದರು.

“ಪಂಪು ಹೊಳೆಬದಿಯಲ್ಲಿ ಕೂರ್ತದೆ ಮಾವ. ಅದರ ಭಾರ ನೆಲ ಹೊರ್ತದೆ” ಎಂದಳು ಕಾಂತಿ. “ಇದರ ಭಾರ ದೋಣಿಯೇ ಹೊರಬೇಕು. ಅದೂ ಹಿಂದಿನ ಮೂಲೆಯಲ್ಲಿ. ಒಂದು ಸೈಜು ಹೆಚ್ಚಾದರೆ ಅಷ್ಟು ಹೆಚ್ಚು ಮುಳುಗ್ತದೆ.”

ಅವರು ತಲೆಯಾಡಿಸಿದರು. ಧೈರ್ಯ ಬಂದು ಅವಳು, ಹಾಗಾದರೆ ನಾಲ್ಕರದ್ದು ಸಾಕು, ಹಗುರವಾಗಿದೆ, ಅಝೀಮನಲ್ಲಿ ಉಂಟು ಎಂದಳು.

“ಅದು ನಿನ್ನ ಹೆದರಿಕೆಯ ಲೆಕ್ಕ” ಎಂದರು ಶೀನಪ್ಪ. ಬೆರಳಿನಿಂದ ಮರಳಿನಲ್ಲಿ ಹೊಳೆ ಬರೆದರು. ಎದುರು ದಡದ ಮೆಟ್ಟಿಲಿಗಿಂತ ಸ್ವಲ್ಪ ಮೊದಲು ಒಂದು ಕಪ್ಪು ಬಂಡೆ. ಜೂನಿನಲ್ಲಿ ಅದು ಮುಳುಗಿರುತ್ತದೆ, ಕಾಣುವುದಿಲ್ಲ. ಆದರೆ ನೀರೆಲ್ಲ ಅದರ ಬದಿಯಿಂದಲೇ ನುಗ್ಗುವುದು. ಐದು ಜನರನ್ನು ಹೊತ್ತ ನಾಲ್ಕು ಎಚ್.ಪಿ. ಅಲ್ಲಿ ನಿಂತಲ್ಲೇ ನಿಲ್ಲುತ್ತದೆ, ಆಮೇಲೆ ಹಿಂದಕ್ಕೆ ಹೋಗುತ್ತದೆ. ಇದು ಕಾಂತಿಗೆ ಗೊತ್ತಿರಲಿಲ್ಲ. ತಗಡಿನ ಮೇಲೆ ಬಂಡೆಯ ವಿಷಯ ಬರೆದಿರಲಿಲ್ಲ.

“ಎಂಟು” ಎಂದಳು ಅವಳು.

“ಎಂಟು” ಎಂದರು ಅವರು. “ಮತ್ತೆ ಹಿಡಿ ನೀನು ಹಿಡಿಯಬೇಕು. ನನಗಿಂತ ನೀನು ಹಗುರ.”

ಹಿಂದೆ ಕೂರುವವರು ಹಗುರವಿರಬೇಕು. ಅವಳದೇ ಲೆಕ್ಕವಾಗಿತ್ತದು.

ಎಂಟರ ಇಂಜಿನ್ ಬಂದ ಮೇಲೆ ಕುದ್ರಿನ ಹಿಂದಿನ ಸಣ್ಣ ಕವಲಿನಲ್ಲಿ ದಿನಾ ಕಲಿತಳು. ಮೊದಲ ದಿನ ಬಿದಿರಿನ ಮೆಳೆಗೆ ಹೋಗಿ ಗುದ್ದಿದಳು. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ ಎಂಬುದು ಕೈಗೆ ಹತ್ತಲು ಸಮಯ ಬೇಕಾಯಿತು. ಪ್ರಾಪ್ತಿ ದಡದಲ್ಲಿ ನಿಂತು, “ಅಮ್ಮ, ಆ ಕಡೆ ಅಲ್ಲ” ಎಂದು ಹೇಳಿ ಹೇಳಿ ಸುಸ್ತಾದಳು. ನಿಲ್ಲಿಸುವಾಗ ಒಮ್ಮೆಲೇ ವೇಗ ಇಳಿಸದೆ, ಬೆನ್ನಟ್ಟಿ ಬರುವ ಅಲೆಯನ್ನು ಮುಂದೆ ಹೋಗಲು ಬಿಡುವುದನ್ನು ಮಾತ್ರ ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಅಧಿಕಾರಿ ಬರುವ ದಿನ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಆಕೆ ಕಾಂತಿಯ ವಯಸ್ಸಿನ ಹೆಂಗಸು. ನೀರು ಎಷ್ಟು ಏರಿದರೆ ದೋಣಿ ಬಿಡಬಾರದೆಂದು ಗುರುತು ಇದೆಯೇ ಎಂದು ಮೊದಲು ಕೇಳಿದರು. ಕಾಂತಿ ಕುದ್ರಿನ ದಡದ ಕಲ್ಲಿನ ಮೇಲೆ ತಾನೇ ಬಳಿದಿದ್ದ ಕೆಂಪು ಗೆರೆಯನ್ನು ತೋರಿಸಿದಳು. ಆಕೆ ಅದನ್ನು ಹತ್ತಿರ ಹೋಗಿ ನೋಡಿ, ಸರಿ, ಹೊರಡಿ ಎಂದು, ಪ್ರಾಪ್ತಿಯನ್ನೂ ಕರೆದುಕೊಂಡು, ತಾವು ಬಂದಿದ್ದ ಇಲಾಖೆಯ ಮೋಟಾರು ದೋಣಿಯಲ್ಲಿ ಎದುರು ದಡಕ್ಕೆ ಹೋದರು.

ಕಾಂತಿ ಜನರನ್ನು ಕೂರಿಸಿದಳು. ಶೀನಪ್ಪ, ನೆರೆಮನೆಗಳ ಹುಕ್ರಪ್ಪ, ಹಸ್ನಾ ನಡುವೆ. ಎಲ್ಲರಿಗಿಂತ ದಪ್ಪನೆಯ ಸೈನಬ ಮೂತಿಯ ಹತ್ತಿರ, ಹಿಂದಿನ ಭಾರಕ್ಕೆ ಸಮನಾಗಿ. ಯಾಕೆ ಮುಂದೆ ಎಂದು ಸೈನಬಳಿಗೆ ಕೂಡಲೇ ಅರ್ಥವಾಯಿತು.

“ಮದುವೆ ಮನೆಯಲ್ಲಿ ಯಾರೂ ನನ್ನನ್ನು ಮುಂದಿನ ಸಾಲಿಗೆ ಕರೆದದ್ದಿಲ್ಲ ಮಾರಾಯ್ತಿ” ಎಂದಳು. “ನೀನಾದರೂ ಕರೆದೆಯಲ್ಲ.”

ಎಲ್ಲರೂ ನಕ್ಕರು. ಕಾಂತಿ ಹಿಂದಿನ ಅಂಚು ನೋಡಿದಳು. ಅದು ನೀರಿನಿಂದ ಸಾಕಷ್ಟು ಮೇಲಿತ್ತು. ಹಗ್ಗ ಎಳೆದಳು. ಇಂಜಿನ್ ಮೊದಲ ಎಳೆತಕ್ಕೇ ಎದ್ದಿತು.

ಮೂತಿಯನ್ನು ಮೇಲ್ಹೊಳೆಗೆ ಓರೆಯಾಗಿ ಹಿಡಿದು ಹೊರಟಳು. ಸೆಳೆತ ಪಕ್ಕದಿಂದ ನೂಕುತ್ತಿತ್ತು, ಅವಳು ಅದಕ್ಕೆ ತಕ್ಕಷ್ಟು ತಿರುಗಿಸುತ್ತಿದ್ದಳು. ಜನ್ಮವಿಡೀ ಅವಳ ಕಣ್ಣು ಮಾಡಿದ್ದು ಒಂದೇ ಕೆಲಸ, ಎಲ್ಲಿಂದ ಏನು ಬರುತ್ತದೆ ಎಂದು ಕಾಯುವುದು. ಅದಕ್ಕಾಗಿ ಮನೆಯವರೆಲ್ಲ ಅವಳನ್ನು ತಮಾಷೆ ಮಾಡಿದ್ದರು. ಇವತ್ತು ಆ ಕಣ್ಣಿಗೇ, ಬೇರೆ ಯಾರಿಗೂ ಕಾಣುವ ಮೊದಲು, ಮೇಲಿನಿಂದ ಅರ್ಧ ಮುಳುಗಿ ತೇಲಿ ಬರುತ್ತಿದ್ದ ಮರದ ಕಾಂಡ ಕಂಡಿತು. ಇಂಜಿನ್ನಿನ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದಳು. ಹಿಂದಿನ ಅಲೆ ತಳದಡಿಯಲ್ಲಿ ನುಸುಳಿ ಹೋಯಿತು. ಕಾಂಡ ಮೂತಿಯ ಮುಂದೆ ತಿರುಗುತ್ತ ದಾಟಿತು. ಸೈನಬ ಏನೋ ಪ್ರಾರ್ಥನೆ ಹೇಳಿಕೊಂಡಳು.

ಮೆಟ್ಟಿಲು ಹತ್ತಿರವಾದಾಗ ಶೀನಪ್ಪ ತಿರುಗಿ ನೋಡದೆ ಒಂದು ಕೈ ಎತ್ತಿದರು. ಬಂಡೆ. ಕಾಂತಿ ಹಿಡಿಯನ್ನು ತಿರುಗಿಸಿದಳು. ಒಂದು ಗಳಿಗೆ ದೋಣಿ ನಿಂತ ಹಾಗಾಯಿತು; ಇಂಜಿನ್ನಿನ ದನಿ ಏರಿತು, ದಡದ ಗೋಳಿಮರ ಇದ್ದಲ್ಲೇ ಇತ್ತು. ಅವಳು ಬಿಡಲಿಲ್ಲ. ಆಮೇಲೆ ಗೋಳಿಮರ ಮೆಲ್ಲಗೆ, ಗೊತ್ತೇ ಆಗದಷ್ಟು ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಎಂಟು ಎಚ್.ಪಿ. ಸೆಳೆತವನ್ನು ಹತ್ತುತ್ತಿತ್ತು. ದೋಣಿ ಮೆಟ್ಟಿಲಿಗಿಂತ ಒಂದು ಮಾರು ಮೇಲಕ್ಕೇ ಹೋಗಿ, ಕೆಳಗಿಳಿದು, ಬಂದು ತಾಗಿತು. ದಡದಲ್ಲಿದ್ದ ಪ್ರಾಪ್ತಿ ಶಾಲೆಯ ಕೊಡೆಯನ್ನು ಗಾಳಿಗೆ ಎಸೆದಳು. ಅದು ಹೊಳೆಗೆ ಬಿತ್ತು. ಯಾರೂ ಬೈಯಲಿಲ್ಲ.

ಅಧಿಕಾರಿ ಕಾಗದಕ್ಕೆ ಸಹಿ ಹಾಕಿ ಕಾಂತಿಯ ಕೈ ಕುಲುಕಿದರು. ಗುರುವಾಯನಕೆರೆಗೆ ಫೋನು ಮಾಡಿ, ಈ ವರ್ಷ ಪ್ರಾಪ್ತಿ ಬರುವುದಿಲ್ಲ ಎಂದು ಹೇಳುವಾಗ ಕಾಂತಿಯ ದನಿ ತಾನಾಗಿ ದೊಡ್ಡದಾಯಿತು.

ದಡದಲ್ಲಿ ಅಝೀಮ್, ಹದಿನೈದು ಬೇಕೇ ಬೇಕು ಎಂದವರು ಎಂಟಕ್ಕೆ ಹೇಗೆ ಬಂದಿರಿ ಎಂದು ಶೀನಪ್ಪನವರನ್ನು ಕೇಳುತ್ತಿದ್ದ. ಸುತ್ತ ಜನ ಸೇರಿದ್ದರು.

“ಪಂಪಿನ ಭಾರ ನೆಲ ಹೊರ್ತದೆ ಮಾರಾಯ. ಇದರ ಭಾರ ದೋಣಿ ಹೊರಬೇಕು” ಎಂದರು ಶೀನಪ್ಪ, ಗಂಟಲು ಸರಿಮಾಡಿಕೊಂಡು. “ಅಷ್ಟೂ ತಿಳಿಯದಿದ್ದರೆ ಹೇಗೆ?”

ಹುಕ್ರಪ್ಪ ಮೆಚ್ಚಿ ತಲೆದೂಗಿದ. ಜನರ ನಡುವಿನಿಂದ ಶೀನಪ್ಪನವರ ಕಣ್ಣು ಒಂದು ಗಳಿಗೆ ಕಾಂತಿಯನ್ನು ಹುಡುಕಿ, ಸಿಕ್ಕಿದ ಕೂಡಲೇ ಬೇರೆ ಕಡೆ ಹೋಯಿತು. ಅದರಲ್ಲಿ ಆ ಬೆಳಗಿನ ಗುಟ್ಟು ಬಿಡಬೇಡ ಎಂಬ ಕೋರಿಕೆಯಿತ್ತು, ಸ್ವಲ್ಪ ಹೆದರಿಕೆಯೂ ಇತ್ತು.

ಸಂಜೆ ರೋಹಿತ್ ಫೋನು ಮಾಡಿದ. ಅಪ್ಪ ಹೇಗೆ ಒಪ್ಪಿದರು, ನೀನು ಏನು ಹೇಳಿದೆ ಎಂದು ಮತ್ತೆ ಮತ್ತೆ ಕೇಳಿದ. ಕಾಂತಿ ಚಾವಡಿಯ ಕಡೆ ನೋಡಿದಳು. ಮಾವ ರೇಡಿಯೋ ಸಣ್ಣಗೆ ಮಾಡಿ, ಕೇಳಿಸದವರ ಹಾಗೆ ಕುಳಿತಿದ್ದರು.

“ನಾನೇನೂ ಹೇಳಲಿಲ್ಲ” ಎಂದಳು. “ನಾವು ಕೂತು ಲೆಕ್ಕ ಹಾಕಿದೆವು.”

ಅದು ಸುಳ್ಳಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಹೊಳೆಯಲ್ಲಿ ನಡೆದ ಉಳಿದದ್ದನ್ನು ಗಂಡನಿಗೂ ಬೇಡ, ಮಗಳಿಗೂ ಬೇಡ, ಯಾರಿಗೂ ಹೇಳುವುದು ಬೇಡ ಎಂದು ನಿರ್ಧರಿಸಿ, ನಾಳೆ ಬೆಳಿಗ್ಗೆ ಎಷ್ಟು ಮಕ್ಕಳು ದೋಣಿಗೆ ಬರುತ್ತಾರೆ ಎಂದು ಕೇಳಲು ಹಸ್ನಾಳ ಮನೆಗೆ ಹೊರಟಳು.