ಎರ್ಲೆಯ ತಾಯಿ

ಅಡುಗೆಮನೆಯಲ್ಲಿ ಮತ್ತೆ ಅವನೇ ಇದ್ದ.

ಶಿವಯೋಗೀಶ ಅರ್ಧ ಗಡ್ಡ ಹೆರೆದವನು ನಲ್ಲಿ ನಿಲ್ಲಿಸಿ ಕಿವಿಗೊಟ್ಟ. ರೊಟ್ಟಿ ಬಡಿಯುವ ಸದ್ದಿನ ನಡುನಡುವೆ ಸುರೇಖಾ ಏನೋ ಹೇಳಿಕೊಳ್ಳುತ್ತಿದ್ದಳು. ಹೆಂಡತಿ ಹೀಗೆ ದನಿ ತಗ್ಗಿಸಿ ಮಾತಾಡುವುದು ಯಾರ ಜೊತೆ ಎಂದು ಅವನು ಕೇಳಬೇಕಾಗಿರಲಿಲ್ಲ. ಆ ಗಂಡಸು ಸತ್ತು ನಲವತ್ತು ವರ್ಷವಾಗಿತ್ತು. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದ ಹಾಗೆ ಅವನನ್ನು ಪರದೇಶದ ಈ ಊರಿಗೆ, ಬುಕಿತ್ ಪಂಜಾಂಗಿನ ಈ ಮೂರನೆಯ ಮಹಡಿಗೆ ಕರೆತಂದವನು ತಾನೇ.

ಮಾಥಿಸ್ ಎರ್ಲೆ. ಗಡಿಯೂರಿನ ಕವಿ, ತಂದೆ ಫ್ರೆಂಚ್, ತಾಯಿ ಜರ್ಮನ್. ಹಗಲು ಪ್ಯಾರಿಸ್ಸಿನ ಪತ್ರಿಕೆಯೊಂದಕ್ಕೆ ಫ್ರೆಂಚಿನಲ್ಲಿ ವರದಿ ಬರೆದು ಹೊಟ್ಟೆ ಹೊರೆದ, ಉಳಿದ ಹೊತ್ತಿನಲ್ಲಿ ಜರ್ಮನಿನಲ್ಲಿ ಕವಿತೆ ಬರೆದ. ಯುದ್ಧ ಬಂದಾಗ ಎರಡು ಕಡೆಯವರೂ ಅವನನ್ನು ಆ ಕಡೆಯವನೆಂದು ದೂರ ಇಟ್ಟರು. ಜುರಾಂಗಿನ ಯಂತ್ರದ ಕಂಪನಿ ತರಬೇತಿಗೆಂದು ಶಿವಯೋಗೀಶನನ್ನು ಜರ್ಮನಿಗೆ ಕಳಿಸಿದ್ದಾಗ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕವನು. ಜೊತೆಯ ಎಂಜಿನಿಯರುಗಳೆಲ್ಲ ಕಾಂಡೋ ಮನೆ ಕೊಳ್ಳುತ್ತಿದ್ದ ಕಾಲದಲ್ಲಿ ತಾನೊಬ್ಬ ಕವಿಯನ್ನು ಕೊಂಡೆ ಎಂದುಕೊಂಡರೆ ಶಿವಯೋಗೀಶನಿಗೆ ಸಮಾಧಾನವಾಗುತ್ತಿತ್ತು. ಎರ್ಲೆಯನ್ನು ಕನ್ನಡಕ್ಕೆ ತರುವುದು ತನ್ನ ಬದುಕಿನ ಕೆಲಸ ಎಂದು ಅವನು ತೀರ್ಮಾನಿಸಿದ್ದ. ಕೆಲಸ ಚೆನ್ನಾಗಿಯೇ ನಡೆದಿತ್ತು, ಅದನ್ನು ಹೆಂಡತಿಗೆ ಓದಿ ಹೇಳುವವರೆಗೆ.

ಅವನ ಅನುವಾದ ಹೀಗೆ ಶುರುವಾಗುತ್ತಿತ್ತು:

"ಎತ್ತಲೂ ಪಯಣಿಸಲಿಲ್ಲ ನಾವು, ಹೇ ಮಾತೆ,
ಸೀಮಾರೇಖೆಯೇ ನಮ್ಮ ಗೃಹವನತಿಕ್ರಮಿಸಿತು."

ಸುರೇಖಾ ಹಿಟ್ಟು ನಾದುತ್ತಾ ಕೇಳಿ, "ಅಂವ ಹಿಂಗಂದಿರಾಕಿಲ್ರಿ," ಎಂದಿದ್ದಳು. ಆಮೇಲೆ, ಹಿಟ್ಟಿನಿಂದ ಕಣ್ಣೆತ್ತದೆ:

"ನಾವೆಲ್ಲಿಗೂ ಹೋಗಲಿಲ್ಲ, ಯವ್ವಾ,
ಗಡಿನ ನಮ್ಮ ಮನಿ ದಾಟಿ ಹೋತು.
ನೀ ಹಿಟ್ಟು ನಾದಕೋತ ಕುಂತಿದ್ದಿ,
ಕೈ ತೊಳಕೊಳ್ಳೂದ್ರಾಗ ರಾಜ್ಯ ಬದಲಾತು."

ಹೇಳಿ ಮುಗಿಸಿ ಅತ್ತುಬಿಟ್ಟಿದ್ದಳು. ಅದಕ್ಕೆ ಆರು ತಿಂಗಳ ಹಿಂದೆ ಗದಗಿನಲ್ಲಿ ಅವಳ ತಾಯಿ ಶಂಕ್ರೆವ್ವ ತೀರಿಕೊಂಡಿದ್ದಳು. ಸುರೇಖಾ ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಹಿಂದಿರುಗಿ ಬಂದವಳು ಗಂಡನೆದುರು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅವನು ಹೆಗಲ ಮೇಲೆ ಕೈ ಇಟ್ಟರೆ "ಒಲಿ ಮ್ಯಾಲೆ ಹಾಲೈತ್ರಿ" ಎಂದು ಎದ್ದುಹೋಗುತ್ತಿದ್ದಳು. ಅಂಥವಳು ಎಂದೂ ನೋಡದ ಗಂಡಸೊಬ್ಬನ ಮುಂದೆ, ಹಿಟ್ಟಿನ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದ ಶಿವಯೋಗೀಶನಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆ ದಿನ. ಅದು ಇನ್ನೂ ಆರಿರಲಿಲ್ಲ.

"ಏನ್ರೀ, ಅರ್ಧಾ ಗಡ್ಡ ಬಿಟ್ಟು ನಿಂತೀರಲ್ಲ?" ಸುರೇಖಾ ಅಡುಗೆಮನೆಯಿಂದ ಇಣುಕಿದಳು.

"ಯಾರ ಜೋಡಿ ಮಾತಾಡಾಕ್ಹತ್ತಿದ್ದಿ?"

"ಯಾರ ಜೋಡಿ ಮಾತಾಡ್ಲಿ? ಸಂಜೀಕ ಓದೂದೈತಲ್ಲ, ಬಾಯಿಪಾಠ ಮಾಡಾಕ್ಹತ್ತೇನಿ."

ಸಂಜೆ ನಾಲ್ಕಕ್ಕೆ ಕನ್ನಡ ಸಂಘದ ಕಾರ್ಯಕ್ರಮ. ಉಪನ್ಯಾಸ ಅವನದು, ಕವಿತಾವಾಚನ ಅವಳದು. ಮೊದಲು ಉಪನ್ಯಾಸವೊಂದೇ ಇತ್ತು. ಯಾರದೋ ಮನೆಯ ಪಾಟ್‌ಲಕ್ ಊಟದಲ್ಲಿ ಹೆಂಗಸರು ಒತ್ತಾಯ ಮಾಡಿದರೆಂದು ಸುರೇಖಾ ಆ ನಾಲ್ಕು ಸಾಲು ಹೇಳಿದ್ದೇ ತಡ, ಅಧ್ಯಕ್ಷ ಮುಕುಂದ ಫೋನು ಮಾಡಿದ್ದ. "ಸಾರ್, ಮೇಡಂ ಓದ್ಲೇಬೇಕು. ನಿಮ್ ಲೆಕ್ಚರ್ ಮಾತ್ರ ಸ್ವಲ್ಪ ಶಾರ್ಟ್ ಮಾಡ್ಕೊಳ್ಳಿ, ಪ್ಲೀಸ್."

ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚಾದದ್ದು ಅವನ ಅನುವಾದ. ಅಚ್ಚಾದದ್ದನ್ನು ಯಾರೂ ಬಾಯಲ್ಲಿ ಹೇಳಿ ತೋರಿಸಿರಲಿಲ್ಲ.

ಊಟಕ್ಕೆ ಕೂತಾಗ ಮಗಳು ರಿಷಿಕಾ ಸಂಚಿಕೆ ತಿರುವಿ ಹಾಕಿ, "ಅಪ್ಪಾ, ನಿಮ್ದು ಸ್ಕೂಲ್ ಪೊಯೆಮ್ ತರ ಇದೆ. ಅಮ್ಮಂದು ನೈಸ್ ಲಾ," ಎಂದಳು, ಇಲ್ಲಿನ ಹುಡುಗರ ಧಾಟಿಯಲ್ಲಿ. ಕನ್ನಡ ಓದಲು ಬಾರದ ಹುಡುಗಿ. ತಾಯಿ ಹೇಳಿಕೊಟ್ಟಿರಬೇಕು ಎಂದು ಶಿವಯೋಗೀಶ ಅನುಮಾನಪಟ್ಟ.

ಕಿಟಕಿಯಾಚೆ, ಕಂಬಗಳ ಮೇಲಿನ ಹಳಿಯಲ್ಲಿ ಎಲ್‌ಆರ್‌ಟಿ ರೈಲು ಹಾದುಹೋಯಿತು. ಚಾಲಕನಿಲ್ಲದ ರೈಲು, ಮನೆಗಳ ಹತ್ತಿರ ಬಂದೊಡನೆ ಅದರ ಗಾಜುಗಳು ತಾವಾಗಿಯೇ ಬೆಳ್ಳಗೆ ಮಂಜಾಗುತ್ತವೆ, ಒಳಗಿನವರು ಜನರ ಮನೆಯೊಳಗೆ ಇಣುಕಬಾರದೆಂದು. ದಾಟಿದ ಮೇಲೆ ಮತ್ತೆ ತಿಳಿಯಾಗುತ್ತವೆ. ಶಂಕ್ರೆವ್ವ ಒಮ್ಮೆ ಇಲ್ಲಿಗೆ ಬಂದಿದ್ದಾಗ ದಿನವಿಡೀ ಅದನ್ನೇ ನೋಡುತ್ತಾ ಕೂತು, "ಇದಕ್ಕ ಮನಷ್ಯಾರಕಿಂತ ಹೆಚ್ಚು ಮರ್ಯಾದಿ ಐತಿ ಬಿಡವಾ," ಎಂದಿದ್ದಳು.

"ಎರ್ಲೆ ತಾಯಿ ಪೇಪರಿನ ಸಂಗತಿ ಹೇಳ್ತೀರಲ್ಲ ಇವತ್ತು?" ಸುರೇಖಾ ರೊಟ್ಟಿ ಹಾಕುತ್ತಾ ಕೇಳಿದಳು. ಎರ್ಲೆ ತನ್ನ ವರದಿ ಅಚ್ಚಾದ ಪತ್ರಿಕೆಗಳನ್ನು ವಾರವಾರ ತಾಯಿಗೆ ಕಳಿಸುತ್ತಿದ್ದ. ಆಕೆಗೆ ಫ್ರೆಂಚ್ ಓದಲು ಬರುತ್ತಿರಲಿಲ್ಲ. ಎಂಬತ್ತು ದಾಟಿ ಸಾಯುವವರೆಗೂ ಅವನ್ನೆಲ್ಲ ಅಡುಗೆಮನೆಯ ಮಾಡಗಳಿಗೆ ಹಾಸಿ ಮೇಲೆ ಡಬ್ಬಿ ಜೋಡಿಸಿಟ್ಟಿದ್ದಳು. ಇದನ್ನು ಸುರೇಖಾಳಿಗೆ ಓದಿ ಹೇಳಿದವನೂ ಶಿವಯೋಗೀಶನೇ.

"ನೋಡೂಣು. ಟೈಮ್ ಇದ್ರ."

ಬುಕಿತ್ ಬಾಟೋಕಿನ ಕಮ್ಯುನಿಟಿ ಕ್ಲಬ್ಬಿನ ಸಭಾಂಗಣದಲ್ಲಿ ಎ.ಸಿ. ಜೋರಾಗಿತ್ತು. ಬಾಗಿಲಲ್ಲೇ ಕಾರ್ಯದರ್ಶಿ ಸುನಂದಾ ಸುರೇಖಾಳ ಕೈ ಹಿಡಿದುಕೊಂಡಳು. ಮುಕುಂದ ಯಾರಿಗೋ ತನ್ನ ಹಳೆಯ ಫ್ಲ್ಯಾಟಿಗೆ ಬಂದ ರೇಟು ಹೇಳುತ್ತಿದ್ದವನು ಅತ್ತಲೇ ನಡೆದ.

"ಮೇಡಂ, ಎಲ್ರೂ ನಿಮಗೋಸ್ಕರಾನೇ ಬಂದಿದ್ದಾರೆ!"

"ಅಯ್ಯೋ, ಹಾಗೇನಿಲ್ಲ. ಇವ್ರದ್ದೇ ಮೇನ್ ಅಲ್ವಾ," ಎಂದಳು ಸುರೇಖಾ. ಮನೆಯ ಹೊಸ್ತಿಲು ದಾಟಿದೊಡನೆ ಅವಳ ಮಾತು ಬೆಂಗಳೂರಿನದಾಗುತ್ತಿತ್ತು. ಹೊರಗೆ ಹೊರಟಾಗ ಚಪ್ಪಲಿ ಮೆಟ್ಟಿದ ಹಾಗೆ. ಮನೆಗೆ ಬಂದರೆ ಬಾಗಿಲಲ್ಲೇ ಬಿಡುತ್ತಿದ್ದಳು. ಶಿವಯೋಗೀಶನೂ ಅಷ್ಟೇ. ಈ ಊರಿನಲ್ಲಿ ಅವರಿಬ್ಬರಿಗೆ ಸೇರಿದ್ದು ಅಂತ ಏನಾದರೂ ಇದ್ದರೆ ಮನೆಯೊಳಗಿನ ಆ ಮಾತೊಂದೇ.

ಅವನು ಮಾತಾಡಲು ನಿಂತ. ಗಡಿ, ಯುದ್ಧ, ಪತ್ರಿಕಾ ಕಚೇರಿ ಎಲ್ಲವನ್ನೂ ಒಪ್ಪವಾಗಿ ಹೇಳಿದ. ಹಿಂದಿನ ಸಾಲಿನಲ್ಲಿ ಯಾರೋ ಮೊಬೈಲು ಒತ್ತುತ್ತಿದ್ದರು. ಮುಕುಂದ ತನ್ನ ಗಡಿಯಾರವನ್ನು ಬೆರಳಿನಿಂದ ತಟ್ಟಿ ಮುಗುಳ್ನಕ್ಕ. ಶಿವಯೋಗೀಶ ಮೊದಲ ಸಾಲಿನಲ್ಲಿದ್ದ ಹೆಂಡತಿಯ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿದ್ದವು, ತುಟಿ ಅಲ್ಲಾಡುತ್ತಿದ್ದವು. ಅವನು ಎರ್ಲೆಯ ಬಗ್ಗೆ ಮಾತಾಡುತ್ತಿದ್ದ; ಅವಳು ಎರ್ಲೆಯ ಜೊತೆ ಮಾತಾಡುತ್ತಿದ್ದಳು.

"ಒಂದು ವಿಷಯ ಹೇಳಲೇಬೇಕು," ತನ್ನ ದನಿ ತನಗೇ ಕೇಳಿಸಿತು. "ಈಗ ನೀವು ಕೇಳಲಿರುವ ಕವಿತೆಯಲ್ಲಿ ಒಬ್ಬ ತಾಯಿ ಬರುತ್ತಾಳೆ. ದಯವಿಟ್ಟು ಮೋಸಹೋಗಬೇಡಿ. ಎರ್ಲೆ ಹಸುಗೂಸಾಗಿದ್ದಾಗಲೇ ಅವನ ತಾಯಿ ಸತ್ತಿದ್ದಳು. ಅವಳ ಮುಖವೂ ಅವನಿಗೆ ಗೊತ್ತಿರಲಿಲ್ಲ. ಹಿಟ್ಟು, ಕೈ, ಯಾವುದೂ ನಿಜವಲ್ಲ. ಪತ್ರಿಕೆಯ ಹಬ್ಬದ ಸಂಚಿಕೆಯಲ್ಲಿ ಜಾಗ ತುಂಬಿಸಲು ಸಂಪಾದಕ ಬರೆಸಿದ ಪದ್ಯ ಅದು."

ಸಭೆ ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೋಡಿತು.

"ಓಹೋ, ಸೆಂಟಿಮೆಂಟೆಲ್ಲಾ ಫೇಕ್ ಅನ್ನಿ!" ಎಂದ ಮುಕುಂದ. ಎಲ್ಲರೂ ನಕ್ಕರು. ಶಿವಯೋಗೀಶನಿಗೆ ಹಾಯೆನಿಸಿತು. ಅದು ಸುಳ್ಳೆಂದು ಆ ಸಭೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಲಿಫ್ಟಿನಲ್ಲಿ ಜೊತೆಗೆ ನಿಂತ ಅಪರಿಚಿತನನ್ನು ನೋಡುವ ಹಾಗೆ ನೋಡುತ್ತಿದ್ದಳು.

ಸುನಂದಾ ಹೆಸರು ಕೂಗಿದಳು. ಸುರೇಖಾ ವೇದಿಕೆಗೆ ಬಂದು, ಸ್ಮರಣ ಸಂಚಿಕೆಯನ್ನು ಎತ್ತಿಕೊಂಡು, ಪುಟ ಹುಡುಕಿದಳು.

"ಎತ್ತಲೂ ಪಯಣಿಸಲಿಲ್ಲ ನಾವು, ಹೇ ಮಾತೆ," ಎಂದು ಓದಿದಳು.

ಸ್ಪಷ್ಟವಾಗಿ, ಎಲ್ಲೂ ತಡವರಿಸದೆ, ರೇಡಿಯೋದಲ್ಲಿ ವಾರ್ತೆ ಓದುವವರಂತೆ ಕೊನೆಯವರೆಗೂ ಅವನದನ್ನೇ ಓದಿದಳು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಗಂಡನಿಗೆ ಶಾಲು, ಹಣ್ಣಿನ ಬುಟ್ಟಿ, ಹೆಂಡತಿಗೆ ಹೂಗುಚ್ಛ. ಫೋಟೋಕ್ಕೆ ಇಬ್ಬರೂ ಹತ್ತಿರ ನಿಂತರು.

"ಅವತ್ತು ಹೇಳಿದ್ರಲ್ಲಾ ಸುರೇಖಾ, ಅದು ಇದೇನಾ?" ಸುನಂದಾ ಗೊಂದಲದಿಂದ ಕೇಳಿದಳು.

"ಇಲ್ಲ, ಅದು ಬೇರೆ."

"ಅದನ್ನೇ ಹೇಳ್ಬಹುದಿತ್ತಲ್ಲ?"

"ನೆನಪಿಲ್ಲ," ಎಂದಳು ಸುರೇಖಾ.

ಟ್ಯಾಕ್ಸಿಯಲ್ಲಿ ಹಣ್ಣಿನ ಬುಟ್ಟಿ ಅವನ ತೊಡೆಯ ಮೇಲಿತ್ತು. ಗೆದ್ದೆನಲ್ಲ ಎಂದು ತನ್ನೊಳಗೇ ಹೇಳಿನೋಡಿದ. ಮನೆಗೆ ಹೋದ ಮೇಲೆ ಬೈಯುತ್ತಾಳೆ, ಬೈಯಲಿ. ಆ ಬೈಗುಳಕ್ಕೆ ಅವನು ಕಾಯತೊಡಗಿದ್ದ. ಬೇಗ ಬೈದುಬಿಡಲಿ ಎಂದು ಬೇಡುತ್ತಿದ್ದ.

ಬಾಗಿಲು ತೆರೆದು ಅವಳು ಚಪ್ಪಲಿ ಬಿಟ್ಟಳು. ದೀಪ ಹಾಕಿದಳು. ತಿರುಗಿ ನಿಂತು ನಯವಾಗಿ ಕೇಳಿದಳು:

"ಕಾಫಿ ಕುಡೀತೀರಾ?"

ಅವನು ನಿಂತಲ್ಲೇ ನಿಂತ. ಅದು ಸುನಂದಾಳ ಜೊತೆಗಿನ ಮಾತು, ಮುಕುಂದನ ಜೊತೆಗಿನ ಮಾತು.

"ಸಿಟ್ಟು ಬಂತೇನು?" ಎಂದ. "ನಾ ಏನೋ ಮಾತಿನ ಭರದಾಗ..."

"ಇಲ್ಲಪ್ಪ, ಯಾಕೆ ಸಿಟ್ಟು ಬರ್ಬೇಕು? ಪರವಾಗಿಲ್ಲ."

"ಸುರೇಖಾ, ಹಂಗ ಮಾತಾಡಬ್ಯಾಡ."

"ಹೇಗೆ? ಹಾಲು ಮುಗಿದಿದೆ. ತಂದ್ಬಿಡ್ತೀರಾ, ಪ್ಲೀಸ್?"

ಕೆಳಗಿನ ಅಂಗಡಿಯಲ್ಲಿ ಹಾಲು ಕೊಂಡವನು ಮನೆಯ ಕಡೆ ತಿರುಗಲಿಲ್ಲ. ಸುಮ್ಮನೆ ಎಲ್‌ಆರ್‌ಟಿ ಸ್ಟೇಷನ್ನಿನ ಮೆಟ್ಟಿಲು ಹತ್ತಿದ. ಆ ರೈಲು ಎಲ್ಲಿಗೂ ಕರೆದೊಯ್ಯುವುದಿಲ್ಲ. ವಠಾರಗಳನ್ನೆಲ್ಲ ಸುತ್ತಿ ಹತ್ತಿದಲ್ಲಿಗೇ ತಂದು ಬಿಡುತ್ತದೆ. ಮುಂದೆ ಚಾಲಕನಿರಬೇಕಾದ ಜಾಗದಲ್ಲಿ ಖಾಲಿ ಗಾಜಿತ್ತು. ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕು. ಮನೆಮನೆಗೂ ದೀಪ ಹತ್ತುತ್ತಿತ್ತು.

ತಿರುವು ದಾಟಿದಾಗ ದೂರದಿಂದಲೇ ತನ್ನ ಅಡುಗೆಮನೆ ಕಾಣಿಸಿತು. ಸುರೇಖಾ ಕಿಟಕಿಯ ಎದುರಿಗಿದ್ದಳು. ಮುಂಗೈವರೆಗೆ ಹಿಟ್ಟು. ತಲೆ ತುಸು ವಾಲಿತ್ತು, ತುಟಿ ಅಲ್ಲಾಡುತ್ತಿದ್ದವು. ಬಹಳ ಹೊತ್ತಿನಿಂದ ಮಾತಾಡುತ್ತಿರುವಂತೆ ಕಂಡಳು. ಯಾರ ಜೊತೆ? ಎರ್ಲೆಯ ಜೊತೆಯೋ, ಶಂಕ್ರೆವ್ವನ ಜೊತೆಯೋ? ಯಾವ ಮಾತಿನಲ್ಲಿ? ಅದೊಂದು ತಿಳಿದರೆ ಸಾಕೆಂದು ಶಿವಯೋಗೀಶ ಗಾಜಿಗೆ ಹಣೆ ಹಚ್ಚಿದ. ಅವಳ ಬಾಯಿ ಇನ್ನೇನು ಸ್ಪಷ್ಟವಾಗುತ್ತಿತ್ತು.

ಗಾಜು ಬೆಳ್ಳಗಾಯಿತು.

ತಿಳಿಯಾಗುವ ಹೊತ್ತಿಗೆ ಯಾರದೋ ಮನೆಯ ಒಣಹಾಕಿದ ಬಟ್ಟೆಗಳು ಕಂಡವು. ಅವನು ಇಳಿಯಲಿಲ್ಲ. ಮತ್ತೊಂದು ಸುತ್ತು. ಕೈಯಲ್ಲಿದ್ದ ಹಾಲಿನ ತಂಪು ಆರುತ್ತಾ ಬಂತು. ಮತ್ತೆ ತಿರುವು, ಮತ್ತೆ ದೀಪ, ಹಿಟ್ಟಿನ ಕೈ, ಅಲ್ಲಾಡುವ ತುಟಿ, ಮತ್ತೆ ಬಿಳುಪು. ಎದುರು ಕೂತಿದ್ದ ಚೀನೀ ಮುದುಕಿಯೊಬ್ಬಳು ತನ್ನನ್ನೇ ನೋಡುತ್ತಿರುವುದು ಗೊತ್ತಿದ್ದೂ ಶಿವಯೋಗೀಶ ಅಂಗೈಯಿಂದ ಆ ಗಾಜನ್ನು ಒರೆಸತೊಡಗಿದ.