ಮೆಲ್ಲಗೆ ಇಟ್ಟ ಚೀಲ

ಏಳು ಚೀಲ ತೆಗೆಸಿ ನೋಡಿಯಾಯಿತು, ಅಕ್ಕನಿಗೆ ಒಂದೂ ಒಪ್ಪಿಗೆಯಾಗಲಿಲ್ಲ. ಒಂದರ ಜಿಪ್ ಎಳೆದರೆ ಇಡೀ ಬೀದಿಗೆ ಕೇಳಬೇಕು. ಇನ್ನೊಂದರ ಮುಚ್ಚಳ ಬಿಚ್ಚಿದರೆ ಪರ್ರೆಂದು ಬಟ್ಟೆ ಹರಿದ ಸದ್ದು. ಮತ್ತೊಂದು ಕಪ್ಪಗೆ, ಚೌಕಕ್ಕೆ, ಮೈತುಂಬ ಸ್ಪಾಂಜು ತುಂಬಿಕೊಂಡು, ನನ್ನ ಹೊಟ್ಟೆಯೊಳಗೆ ಕ್ಯಾಮೆರಾ ಇದೆ ಎಂದು ತಾನೇ ಡಂಗುರ ಹೊಡೆಯುತ್ತಿತ್ತು. ಇಪ್ಪತ್ತು ವರ್ಷ ಸ್ಟುಡಿಯೋ ನಡೆಸಿದವಳು ಬೇರೆ ದಿನವಾಗಿದ್ದರೆ ಅದನ್ನೇ ಎತ್ತಿಕೊಳ್ಳುತ್ತಿದ್ದಳು. ಇವತ್ತು ಅದನ್ನು ಮುಟ್ಟುವುದಕ್ಕೂ ಭಯ.

"ಊಟದ ಡಬ್ಬಿ ಹಿಡಿಸೋ ಅಷ್ಟು ಸಣ್ಣದು ಸಾಕು ಯಜಮಾನ್ರೇ," ಎಂದು ಮೂರನೇ ಸಲ ಹೇಳಿದಳು.

ಅಂಗಡಿಯ ಮುದುಕ ಹೊಲಿಗೆ ಯಂತ್ರದ ಹಿಂದಿನಿಂದ ಎದ್ದು ಬಂದ. ತಾನೇ ಹೊಲಿದ ಚೀಲಗಳನ್ನು ತಾನೇ ಮಾರುವವನು. ಮಾಸಲು ಕಂದು ಬಣ್ಣದ ಒಂದು ಕ್ಯಾನ್ವಾಸ್ ಚೀಲವನ್ನು ಮೇಲಿನಿಂದ ಇಳಿಸಿ ಕೊಟ್ಟ. ಅಗಲ ಪಟ್ಟಿ, ಎರಡು ಗುಂಡಿಯ ಮುಚ್ಚಳ, ಸದ್ದಿಲ್ಲ. ಅಕ್ಕ ಹೆಗಲಿಗೆ ಹಾಕಿ ನೋಡಿದಳು. ತೆಗೆದು ಮೇಜಿನ ಮೇಲೆ ಇಟ್ಟಳು.

"ಅಮ್ಮಾ, ನೀವು ಕ್ಯಾಮೆರಾದವರಾ?"

ಅಕ್ಕನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಕತೆ ಅವಳಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ಕೈ ಹೋಯಿತು. "ಯಾರು ಹೇಳಿದ್ದು?" ಎಂದಳು.

"ನಿಮ್ಮ ಕೈ ಹೇಳ್ತು. ಅದು ಖಾಲಿ ಚೀಲ. ಖಾಲಿ ಚೀಲಾನ ಮೊಟ್ಟೆ ಬುಟ್ಟಿ ಇಟ್ಟ ಹಾಗೆ ಇಟ್ರಿ. ಊಟ ತರೋರು ಹಾಗೆ ಇಡಲ್ಲ, ದೊಪ್ಪಂತ ಒಗೀತಾರೆ."

ಗುರುತು ಪರಿಚಯವಿಲ್ಲದ ಈ ಮುದುಕನಿಗೆ ಅರ್ಧ ಗಳಿಗೆಯಲ್ಲಿ ತಿಳಿದದ್ದು ಶನಿವಾರ ಆ ಗೇಟಿನವನಿಗೆ ತಿಳಿಯುವುದಿಲ್ಲವೇ? ಅಕ್ಕ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ಗೇಟು ಯಾವುದು ಎಂದರೆ, ಅವಳ ತಂಗಿ ಕೆಲಸ ಮಾಡುವ ಸಿದ್ಧ ಉಡುಪಿನ ಕಾರ್ಖಾನೆಯದು. ಮೂರನೇ ಮಹಡಿಯಲ್ಲಿ ನೂರಿಪ್ಪತ್ತು ಹೆಂಗಸರು ಸಾಲಾಗಿ ಕುಳಿತು ಅಂಗಿ ಹೊಲಿಯುತ್ತಾರೆ. ಬಟ್ಟೆ ಕಳುವಾಗುತ್ತದೆ ಎಂಬ ನೆಪದಲ್ಲಿ ಅಲ್ಲಿನ ಹಿಂಬಾಗಿಲಿಗೆ ಒಳಗೂ ಹೊರಗೂ ಸರಪಳಿ ಸುತ್ತಿ ಬೀಗ ಜಡಿದಿದ್ದಾರೆ. ಹೋದ ತಿಂಗಳು ಇಸ್ತ್ರಿ ಮೇಜಿನ ವೈರು ಕಿಡಿಹಾರಿ ಚಿಂದಿಯ ರಾಶಿಗೆ ಬೆಂಕಿ ಹತ್ತಿತು. ಮುಂದಿನ ಮೆಟ್ಟಿಲ ಕಡೆ ಹೊಗೆ, ಹಿಂದೆ ಬೀಗ. ಹೆಂಗಸರು ಕುಡಿಯುವ ನೀರಿನ ಡ್ರಮ್ಮನ್ನೇ ಉರುಳಿಸಿ ಹೇಗೋ ಬಚಾವಾದರು. "ಕೀಲಿ ಬರೋ ಹೊತ್ತಿಗೆ ಬೆಂಕಿ ಆರಿತ್ತು ಅಕ್ಕ," ಎಂದು ತಂಗಿ ಹೇಳಿದ್ದಳು, ಅನ್ನ ಕಲಸುತ್ತ, ತಿನ್ನದೆ. ಮಾರನೆಯ ದಿನವೂ ಬೀಗ ಅಲ್ಲೇ ನೇತಾಡುತ್ತಿತ್ತು.

ದೂರು ಕೊಟ್ಟರು. ಕಾರ್ಮಿಕ ಇಲಾಖೆಯ ಅಧಿಕಾರಿ ಬರುವ ದಿನ ಮೊದಲೇ ಹೇಳಿಯೇ ಬಂದ. ಅವತ್ತು ಬಾಗಿಲು ಹಾರು ಹೊಡೆದಿತ್ತು, ಪಕ್ಕದಲ್ಲಿ ಹೂವಿನ ಕುಂಡ ಬೇರೆ. "ಪುರಾವೆ ಇದ್ರೆ ತನ್ನಿ," ಎಂದು ಹೇಳಿ ಹೋದ. ಬೆಂಕಿ ಬಿದ್ದಾಗ ಬಾವಿ ತೋಡುವವರ ಸುದ್ದಿ ಕೇಳಿದ್ದೇವೆ, ಈ ಪುಣ್ಯಾತ್ಮರಿಗೆ ಬಾವಿ ತೋಡುವುದಕ್ಕೂ ಫೋಟೋ ಬೇಕು. ಫೋನುಗಳನ್ನೋ ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ. ಕೆಲಸದವರು ತಮ್ಮ ಚೀಲವನ್ನೂ ಮೇಲೆ ಒಯ್ಯುವಂತಿಲ್ಲ. ತಿಂಗಳಿಗೊಂದು ಶನಿವಾರ ಮಾತ್ರ ಮನೆಯವರು ಊಟ ತಂದು, ಮೂರನೇ ಮಹಡಿಯ ಊಟದ ಕೋಣೆಯಲ್ಲಿ ಜೊತೆಗೆ ಕುಳಿತು ಹೋಗಬಹುದು.

ಅಕ್ಕ ಮುದುಕನಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಹೇಳಬಾರದಿತ್ತೇನೋ, ಆದರೆ ಹೆದರಿಕೆ ಹೊಟ್ಟೆಯಲ್ಲಿ ನಿಲ್ಲುವ ಪದಾರ್ಥವಲ್ಲ. ಮುದುಕ ಆ ಕಂದು ಚೀಲಕ್ಕೆ ತೆಳ್ಳಗೆ ಒಂದು ಸುಳ್ಳು ತಳ ಹೊಲಿದುಕೊಟ್ಟ. ಕೆಳಗೆ ಕ್ಯಾಮೆರಾ, ಮೇಲೆ ಡಬ್ಬಿ.

"ಸ್ಪಾಂಜು ಇನ್ನೂ ಸ್ವಲ್ಪ ದಪ್ಪ ಹಾಕಿ. ಲೆನ್ಸ್ ಒಡೆದೀತು."

"ದಪ್ಪ ಹಾಕಿದ್ರೆ ಚೀಲ ನೆಟ್ಟಗೆ ನಿಲ್ಲುತ್ತೆ. ಊಟದ ಚೀಲ ನಿಲ್ಲಲ್ಲಮ್ಮ, ಕುಸಿದು ಕೂರುತ್ತೆ. ಎಸೆಯೋದು ಕಲೀರಿ, ಅಷ್ಟೇ."

ಅಕ್ಕ ಮನೆಯಲ್ಲಿ ಚೀಲಕ್ಕೆ ಆಲೂಗಡ್ಡೆ ತುಂಬಿ ಎಸೆಯುವುದನ್ನು ಅಭ್ಯಾಸ ಮಾಡಿದಳು. ತಂಗಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಇದು ಎಸೆಯೋದಾ ಅಕ್ಕ? ತೊಟ್ಟಿಲಿಗೆ ಹಾಕ್ತಿದ್ದೀಯ. ಜೋಗುಳ ಒಂದು ಬಾಕಿ."

"ಹುಟ್ಟುಗುಣ ಸುಟ್ಟರೂ ಹೋಗಲ್ವಂತೆ, ಏನ್ಮಾಡ್ಲಿ."

ಸುಟ್ಟರೂ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅಕ್ಕ ಚೀಲದ ಆಲೂಗಡ್ಡೆಗಳನ್ನು ಮತ್ತೆ ಜೋಡಿಸತೊಡಗಿದಳು. ಆಮೇಲೆ ತಂಗಿ ಮೆಲ್ಲಗೆ, "ಗೇಟಲ್ಲಿ ಇರೋನಿಗೆ ನಾವೆಲ್ಲ ಎಕ್ಸ್-ರೇ ಅಂತೀವಿ. ಚೀಲದೊಳಗೆ ಇಣುಕೋದೇ ಕಮ್ಮಿ, ಕೈ ನೋಡ್ತಾನೆ. ಸಿಕ್ಕಿಬಿದ್ರೆ ನನ್ನ ಕೆಲಸ ಹೋಗ್ಲಿ, ನಿನ್ನ ಪೊಲೀಸ್‌ಗೆ ಕೊಡ್ತಾರೆ. ಬೇಡ ಬಿಡು ಅಕ್ಕ," ಎಂದಳು.

"ನೀನು ದಿನಾ ಒಳಗೆ ಹೋಗ್ತೀಯಲ್ಲ," ಎಂದಳು ಅಕ್ಕ. ಮತ್ತೆ ಚೀಲ ಎತ್ತಿದಳು.

ಶನಿವಾರ ಮಧ್ಯಾಹ್ನ ಗೇಟಿನ ಮುಂದೆ ಸಾಲು. ಎಕ್ಸ್-ರೇ ಎಂದರೆ ಅರವತ್ತರ ಆಸುಪಾಸಿನ ಮನುಷ್ಯ, ಎಡ ಮಂಡಿಗೆ ಪಟ್ಟಿ ಸುತ್ತಿಕೊಂಡು ಕುಂಟುತ್ತಿದ್ದ, ಸೊಂಟದಲ್ಲಿ ಕೀಲಿಗೊಂಚಲು. ಮೇಲಿನ ಕಿಟಕಿಯಲ್ಲಿ ಮ್ಯಾನೇಜರು ಟೀ ಕಪ್ಪು ಹಿಡಿದು ನಿಂತಿದ್ದ. ಅಕ್ಕನ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಚೀಲದ ಪಟ್ಟಿಯೂ ಅಲುಗುತ್ತಿದೆಯೇನೋ ಎಂದು ಅವಳು ಬಗ್ಗಿ ನೋಡಿಕೊಂಡಳು.

"ಇಡಿ," ಎಂದ ಎಕ್ಸ್-ರೇ, ಅವಳ ಬೆರಳುಗಳನ್ನೇ ನೋಡುತ್ತ.

ಹನ್ನೊಂದು ವರ್ಷ ಒಂದು ಗೀರೂ ಬೀಳದಂತೆ ಸಾಕಿದ ಲೆನ್ಸು ಅದು. ಅಕ್ಕ ಕಣ್ಣು ಮುಚ್ಚಲಿಲ್ಲ, ಚೀಲವನ್ನು ಹೆಗಲಿಂದ ಜಾರಿಸಿ ಮೇಜಿನ ಮೇಲೆ ಒಗೆದಳು.

ಒಳಗೆ ಚಿಟ್ಟೆಂದಿತು.

"ಏನದು?"

"ಗಾಜಿನ ಡಬ್ಬಿ. ಹೋಯ್ತು ಅನ್ಸುತ್ತೆ, ಹಾಳಾಗ್ಲಿ." ಇದು ತನ್ನದೇ ದನಿಯೇ ಎಂದು ಅವಳಿಗೇ ಆಶ್ಚರ್ಯವಾಯಿತು.

ಎಕ್ಸ್-ರೇ ಮುಚ್ಚಳ ಸರಿಸಿ ಒಮ್ಮೆ ನೋಡಿದ. "ಹೋಗಿ," ಎಂದ.

ಊಟದ ಕೋಣೆಯ ಕೊನೆಯಲ್ಲಿ ನೀರಿನ ನಲ್ಲಿ, ನಲ್ಲಿಯ ಪಕ್ಕದಲ್ಲಿ ಆ ಬಾಗಿಲು. ಸರಪಳಿ ಮುಷ್ಟಿ ದಪ್ಪಕ್ಕಿತ್ತು. ಬಾಗಿಲಿಗೆ ತಾಗಿಕೊಂಡೇ ಆ ದಿನದ ಲೆಕ್ಕದ ಕರಿಹಲಗೆ, ಅದರ ನೆತ್ತಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಾರೀಖು. ಇದಕ್ಕಿಂತ ಪುರಾವೆ ಬೇರೆ ಬೇಕೇ? ತಂಗಿಯ ಜೊತೆಯವರು ಐದಾರು ಜನ ಕೈ ತೊಳೆಯುವ ನೆಪದಲ್ಲಿ ಎದ್ದು ಬಂದು ಗೋಡೆಯಾಗಿ ನಿಂತರು. ಅಕ್ಕ ಸುಳ್ಳು ತಳ ಎತ್ತಿದಳು. ಲೆನ್ಸಿನ ಮುಂದಿನ ಗಾಜು ಈ ಅಂಚಿನಿಂದ ಆ ಅಂಚಿಗೆ ಸೀಳಿತ್ತು. ಅಳುವುದಕ್ಕೆ ಪುರಸೊತ್ತಿಲ್ಲ. ತಂಗಿ ಸರಪಳಿಯ ಮೇಲೆ ಕೈಯಿಟ್ಟು ನಿಂತಳು. ಬೀಗ, ತಾರೀಖು, ತಂಗಿ, ಮೂರೂ ಒಂದೇ ಚೌಕಟ್ಟಿಗೆ ಬಂದವು. ನಡುವೆ ಒಂದು ಸೀಳುಗೆರೆ, ಇರಲಿ. ನಾಲ್ಕು ಸಲ ಒತ್ತಿದಳು.

ಮೆಟ್ಟಿಲಿಳಿಯುವಾಗ ಮೈ ಹಗುರವಾಗಿತ್ತು. ಆಯಿತಲ್ಲ, ಇನ್ನೇನು. ಅದೇ ಎಡವಟ್ಟಾಯಿತು. ಗೇಟಿನಲ್ಲಿ ಎಕ್ಸ್-ರೇ "ಇಡಿ" ಎಂದಾಗ ಅಕ್ಕನಿಗೆ ಚೀಲದೊಳಗಿನ ಆ ನಾಲ್ಕು ಫೋಟೋಗಳ ಹೊರತು ಬೇರೇನೂ ಮನಸ್ಸಿನಲ್ಲಿರಲಿಲ್ಲ. ಎಡಗೈಯನ್ನು ತಳಕ್ಕೆ ಆನಿಸಿ, ಮೊದಲು ಅಂಚು ತಾಗಿಸಿ, ಆಮೇಲೆ ಮೆಲ್ಲಗೆ ಕೂರಿಸಿದಳು. ಇಟ್ಟ ಮೇಲೆ ಗೊತ್ತಾಯಿತು.

ಎಕ್ಸ್-ರೇ ಅವಳ ಕೈಯನ್ನು ನೋಡಿದ. ಮುಖವನ್ನು ನೋಡಿದ.

"ಬರುವಾಗ ಒಗೆದ್ರಿ," ಎಂದ, ತುಂಬ ಸಣ್ಣ ದನಿಯಲ್ಲಿ. "ಈಗ ಡಬ್ಬಿ ಖಾಲಿ. ಮಗು ಮಲಗಿಸಿದ ಹಾಗೆ ಇಟ್ರಿ."

ಅವನ ಅಂಗೈ ಚೀಲದೊಳಗೆ ಹೋಯಿತು. ಸುಳ್ಳು ತಳವನ್ನು ಒತ್ತಿತು, ಗಟ್ಟಿ ಅಂಚಿನ ಮೇಲೆ ನಿಂತಿತು. ಮುಗಿಯಿತು ಎಂದುಕೊಂಡಳು. ತಂಗಿಯನ್ನು ಮೇಲಿನಿಂದ ಕರೆಸುತ್ತಾರೆ, ಎಲ್ಲರೆದುರು ನಿಲ್ಲಿಸುತ್ತಾರೆ, ಆ ಹುಡುಗಿಗೆ ಇನ್ನು ಯಾರೂ ಕೆಲಸ ಕೊಡುವುದಿಲ್ಲ, ಬೀಗ ಹಾಗೇ ಇರುತ್ತದೆ.

"ಬೀಗ ಚೆನ್ನಾಗಿ ಬಂತಾ?"

ಅವಳಿಗೆ ಅರ್ಥವಾಗಲಿಲ್ಲ.

ಎಕ್ಸ್-ರೇ ಸೊಂಟದ ಕೀಲಿಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡ. "ಅದರ ಕೀಲಿ ಇದರಲ್ಲೇ ಇರೋದು. ಅವತ್ತು ಹೊಗೆ ಕಂಡ ತಕ್ಷಣ ಹಿಂದಿನ ಮೆಟ್ಟಿಲು ಹತ್ತೋಕೆ ಶುರು ಮಾಡ್ದೆ. ಈ ಮಂಡಿ ಇಟ್ಕೊಂಡು ಮೂರು ಮಹಡಿ. ಆರು ನಿಮಿಷ ಆಯ್ತಮ್ಮ. ಒಳಗಿಂದ ಅವರು ಬಾಗಿಲು ಬಡೀತಿದ್ದದ್ದು ಮೊದಲನೇ ಮಹಡಿಯಿಂದಲೇ ಕೇಳ್ತಿತ್ತು. ಆಮೇಲೆ ಬಡಿಯೋದು ನಿಂತು ಹೋಯ್ತು. ನೀರಿನ ಡ್ರಮ್ಮು ಉರುಳಿಸೋಕೆ ಹೋಗಿದ್ರಂತೆ. ನನಗೇನು ಗೊತ್ತು? ನಾನು ಮೆಟ್ಟಿಲ ಮೇಲೆ ಇದ್ದೆ."

ಮೇಲಿನ ಕಿಟಕಿಯತ್ತ ಅವನ ಕಣ್ಣು ಒಮ್ಮೆ ಹೋಗಿ ಬಂತು. ಚೀಲದ ಪಟ್ಟಿ ಹಿಡಿದು ಎತ್ತಿ ಅವಳ ಎದೆಯ ಮೇಲೆ ಒಗೆದ. ಒಳಗೆ ಗಾಜು ಗಲಗಲ ಎಂದಿತು. "ನಡೀರಿ, ನಡೀರಿ, ಎಷ್ಟು ಹೊತ್ತು," ಎಂದು ಮೇಲಕ್ಕೆ ಕೇಳುವ ಹಾಗೆ ಗದರಿದ.

ಅಕ್ಕ ನಡೆದಳು. ತಿರುವು ದಾಟುವವರೆಗೆ ಹಿಂದೆ ನೋಡಲಿಲ್ಲ. ದಾಟಿದ ಮೇಲೆ ಕೈಗಡಿಯಾರ ನೋಡಿಕೊಂಡಳು. ಗೇಟು ಬಿಟ್ಟು ಎರಡು ನಿಮಿಷವಾಗಿತ್ತು. ಬೆಂಕಿ ಬಿದ್ದ ದಿನ ಇಷ್ಟು ಹೊತ್ತಾದ ಮೇಲೂ ಕೀಲಿ ಬಾಗಿಲು ಮುಟ್ಟಲು ಇನ್ನೂ ನಾಲ್ಕು ನಿಮಿಷ ಬಾಕಿಯಿತ್ತು. ಅವಳು ಚೀಲವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಓಡತೊಡಗಿದಳು.